ಆರು ಮಳೆಗಾಲ ಕಂಡ ನಮ್ಮ ಕ್ವಾಡ್ 405

ಕಾಸರಗೋಡಿನ ಕುಂಬಳೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ಕ್ವಾಡ್ 405 ಪವರ್ ಆಂಪ್, ಅಂದರೆ ಹಾಡಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ, ಇದೆ. ಸೋದರಮಾವ ದುಬೈಯಲ್ಲಿದ್ದಾಗ ಕೊಂಡದ್ದು. ಅವರು ಊರಿಗೆ ಬಂದ ಮೇಲೆ ಹದಿನೈದು ವರ್ಷ ಅಟ್ಟದಲ್ಲಿ ಹಳೆ ಬೆಡ್‌ಶೀಟ್ ಸುತ್ತಿಕೊಂಡು ಕೂತಿತ್ತು. "ಬೇಕಾದರೆ ತಗೊಂಡು ಹೋಗು, ಆದರೆ ರಿಪೇರಿಯವರಿಗೆ ತೋರಿಸದೆ ಕರೆಂಟಿಗೆ ಹಾಕಬೇಡ" ಅಂದಿದ್ದರು ಮಾವ. ಈಗ ಆರು ವರ್ಷದಿಂದ ಅದು ನಮ್ಮ ಚಾವಡಿಯಲ್ಲಿ ಹಾಡುತ್ತಿದೆ. ಹಳೆ ಆಂಪ್ ತಗೊಳ್ಳಬಹುದಾ, ನಮ್ಮ ಈ ಉಪ್ಪುಗಾಳಿಯಲ್ಲಿ ಉಳಿಯುತ್ತದಾ ಅಂತ ತುಂಬ ಜನ ಕೇಳುತ್ತಾರೆ, ಅದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆಂಪ್ ಬಗ್ಗೆ. ಇಂಗ್ಲೆಂಡಿನ ಹಂಟಿಂಗ್‌ಡನ್‌ನಲ್ಲಿ ಪೀಟರ್ ವಾಕರ್ ಅವರ ಕಂಪನಿ 1975ರಲ್ಲಿ ತಂದದ್ದು. ಒಂದೊಂದು ಚಾನೆಲ್‌ಗೆ 8 ಓಮ್‌ನ ಸ್ಪೀಕರಿನಲ್ಲಿ 100 ವ್ಯಾಟ್. ಅಷ್ಟು ಪವರ್ ಇದ್ದರೂ ನೋಡಲು ಸಣ್ಣದು, ಒಂದು ಶೂ ಬಾಕ್ಸ್‌ಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮುಂದುಗಡೆ ಪೂರ್ತಿ ಹೀಟ್‌ಸಿಂಕ್, ಅಂದರೆ ಬಿಸಿ ಹೊರಗೆ ಬಿಡುವ ಲೋಹದ ರೆಕ್ಕೆಗಳು. ಸ್ವಿಚ್ ಇಲ್ಲ, ಮೀಟರ್ ಇಲ್ಲ.

ಇದರ ಒಳಗಿನ ಐಡಿಯಾಕ್ಕೆ ಕರೆಂಟ್ ಡಂಪಿಂಗ್ ಅಂತ ಹೆಸರು. ಅಡಿಕೆ ಕೊಯ್ಲಿನ ಹಾಗೆ ಅಂದುಕೊಳ್ಳಿ. ಮರ ಹತ್ತಿದವನು ಒಬ್ಬನೇ, ಅವನ ಕೆಲಸ ನಾಜೂಕಿನದು. ಅಡಿಕೆ ಗೊನೆ ಹೊರುವವರು ಕೆಳಗೆ ಬೇರೆ ಇರುತ್ತಾರೆ. ಇಲ್ಲಿ ಕ್ಲಾಸ್ ಎ ಅನ್ನುವ ಬಗೆಯ ಒಂದು ಸಣ್ಣ ಆಂಪ್ ಸಿಗ್ನಲ್ ಹೇಗಿರಬೇಕು ಅಂತ ನೋಡಿಕೊಳ್ಳುತ್ತದೆ, ಭಾರದ ಕರೆಂಟನ್ನು ದೊಡ್ಡ ಟ್ರಾನ್ಸಿಸ್ಟರ್‌ಗಳು ಹೊರುತ್ತವೆ, ಆ ದೊಡ್ಡವರು ಮಾಡುವ ತಪ್ಪನ್ನು ಸಣ್ಣದು ಸರಿ ಮಾಡುತ್ತದೆ. ಇದರಿಂದ ನಮಗೆ ಏನು ಲಾಭ? ಸಾಮಾನ್ಯ ಕ್ಲಾಸ್ ಎಬಿ ಆಂಪ್‌ಗಳಲ್ಲಿ ಬಯಾಸ್ (ಹಾಡು ಇಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟ್) ಸೆಟ್ ಮಾಡಬೇಕು, ವರ್ಷ ಕಳೆದಂತೆ ಅದು ಜರುಗುತ್ತದೆ, ಗೊತ್ತಿಲ್ಲದವರು ತಿರುಗಿಸಿದರೆ ಟ್ರಾನ್ಸಿಸ್ಟರ್ ಸುಡುತ್ತದೆ. 405ರಲ್ಲಿ ತಿರುಗಿಸಲು ಅಂಥದ್ದೇನೂ ಇಲ್ಲ. ಐವತ್ತು ವರ್ಷ ಹಳೆಯ ಡಿಸೈನ್ ಇವತ್ತೂ ಊರಿನ ಬೆಂಚಿನ ಮೇಲೆ ರಿಪೇರಿ ಆಗಲು ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಈಗ ಕಷ್ಟದ ಕಥೆ. ಮೊದಲು ಹತ್ತಿರದ ಪೇಟೆಯಲ್ಲಿ ಒಬ್ಬರಿಗೆ ಕೊಟ್ಟೆ. ಎರಡು ದಿನದಲ್ಲಿ ವಾಪಸ್ ಕೊಟ್ಟರು, ಹಾಡಿತು ಕೂಡ. ಒಂದು ತಿಂಗಳಲ್ಲಿ ಗುಂಯ್ ಅನ್ನುವ ಹಮ್ ಶುರುವಾಯಿತು. ಆಮೇಲೆ ಮುಚ್ಚಳ ತೆಗೆಸಿ ನೋಡಿದರೆ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿದೆ. ಇದರಲ್ಲಿ ಪ್ಲಸ್ 50, ಮೈನಸ್ 50 ವೋಲ್ಟಿನ ಹತ್ತಿರ ಸಪ್ಲೈ ಇರುತ್ತದೆ. ಅಲ್ಲಿ 63 ವೋಲ್ಟಿನ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು, ಆ ಮನುಷ್ಯ ಹಾಕಿದ್ದು 50 ವೋಲ್ಟಿನದ್ದು. ರಾತ್ರಿ ಹೊತ್ತು ನಮ್ಮಲ್ಲಿ ಮೈನ್ಸ್ ಏರುತ್ತದೆ, ಅದು ಏರಿದರೆ ಒಳಗಿನ ವೋಲ್ಟೇಜೂ ಏರುತ್ತದೆ, ತಡೆಯುವುದು ಹೇಗೆ? ಹಳೆಯದನ್ನು ಕೇಳಿದೆ, ಗುಜರಿಗೆ ಹೋಯಿತು ಅಂದರು. ನನಗೆ ಇವತ್ತಿಗೂ ಬೇಜಾರಿದೆ. ರಿಪೇರಿಗೆ ಕೊಟ್ಟಾಗ ತೆಗೆದ ಪಾರ್ಟ್ಸ್ ಎಲ್ಲ ವಾಪಸ್ ಬೇಕು ಅಂತ ಮೊದಲೇ ಹೇಳಿ.

ಆಮೇಲೆ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಮಂಗಳೂರಿಗೆ ಹೋದೆ. ಅಲ್ಲಿ ಒಬ್ಬರು ಹಿರಿಯರು, ಮನೆಯ ಮಹಡಿಯಲ್ಲೇ ಕೆಲಸ, ಬೋರ್ಡ್ ಗೀರ್ಡ್ ಏನೂ ಇಲ್ಲ. ನಾನು ರಿವ್ಯೂ ಬರೆಯುತ್ತಿರುವುದು ಆಂಪ್‌ಗೆ ಎಷ್ಟೋ ಅವರ ಕೆಲಸಕ್ಕೂ ಅಷ್ಟೇ. ಅವರು ಮೊದಲು ಮಾಡಿದ್ದು ಏನು ಗೊತ್ತಾ? ಸೀರೀಸ್ ಬಲ್ಬ್ ಹಾಕಿ, ಅಂದರೆ ಕರೆಂಟ್ ಬರುವ ದಾರಿಯಲ್ಲಿ ಒಂದು ಬಲ್ಬ್ ಸೇರಿಸಿ, ಆನ್ ಮಾಡಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಆಂಪ್ ಉಳಿಯುತ್ತದೆ. ಆಮೇಲೆ ಸ್ಪೀಕರ್ ಇಲ್ಲದೆ ಔಟ್‌ಪುಟ್‌ನಲ್ಲಿ ಡಿಸಿ (ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ವೋಲ್ಟೇಜ್) ಎಷ್ಟಿದೆ ಅಂತ ಮೀಟರ್ ಹಿಡಿದರು. ಕೆಲವು ಮಿಲಿವೋಲ್ಟ್ ಇದ್ದರೆ ಪರವಾಗಿಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಪೂರ್ತಿ ಡಿಸಿ ಸ್ಪೀಕರಿಗೆ ನುಗ್ಗಿ ವೂಫರಿನ ಕಾಯಿಲ್ ಸುಟ್ಟೇ ಹೋಗುತ್ತದೆ, ಅದಕ್ಕೆ ಈ ಹೆಜ್ಜೆ ಬಿಡಬಾರದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಲ್ಲ 105 ಡಿಗ್ರಿ ಬಿಸಿ ತಡೆಯುವಂಥದ್ದು ಹಾಕಿದರು. ಟ್ರಾನ್ಸಿಸ್ಟರ್ ಕೆಳಗೆ ಒಣಗಿ ಸುಣ್ಣದ ಹಾಗಾಗಿದ್ದ ಹೀಟ್‌ಸಿಂಕ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರು. ಚೆನ್ನಾಗಿದ್ದ ಹಳೆ ಟ್ರಾನ್ಸಿಸ್ಟರ್ ಮುಟ್ಟಲಿಲ್ಲ. ಈಗ ಪೇಟೆಯಲ್ಲಿ ಡೂಪ್ಲಿಕೇಟ್ ಜಾಸ್ತಿ, ಒರಿಜಿನಲ್ ಸರಿ ಇದ್ದರೆ ಅದೇ ಇರಲಿ ಅಂದರು. ನಾನೇ ಕೇಳಿಕೊಂಡು ಸ್ಪೀಕರ್ ಉಳಿಸುವ ಪ್ರೊಟೆಕ್ಷನ್ ಬೋರ್ಡ್ ಒಂದನ್ನು ಹಾಕಿಸಿದೆ. ಒಟ್ಟು 7,000 ರೂಪಾಯಿ ಚಿಲ್ಲರೆ ಆಯಿತು, ಮೂರು ವಾರ ಹಿಡಿಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಅದೊಂದು ಕಷ್ಟ.

ಹೊರಡುವಾಗ ಅವರು ಹೇಳಿದ ಮಾತು ಇದು: "ಮಳೆಗಾಲದಲ್ಲಿ ಇದನ್ನು ಮುಚ್ಚಿ ಇಡಬೇಡಿ ಮಾರಾಯ್ರೆ, ದಿನಾ ಒಂದು ಗಂಟೆ ಹಾಡಿಸಿ."

ನಾವೆಲ್ಲ ಮಾಡುವುದು ಇದರ ತಿರುಗಾಮುರುಗಾ ಅಲ್ವಾ? ಜೂನ್ ಬಂತು ಅಂದರೆ ಪ್ಲಾಸ್ಟಿಕ್ ಸುತ್ತಿ ಇಡುತ್ತೇವೆ. ಒಳಗೆ ತೇವ ಕೂತು ಸಾಕೆಟ್‌ಗೆ ಹಸಿರು ಹಿಡಿಯುತ್ತದೆ, ಬೋರ್ಡ್ ಮೇಲೆ ಬೂಸ್ಟು ಬರುತ್ತದೆ, ಇರುವೆ ಗೂಡು ಮಾಡುತ್ತದೆ. ಆನ್ ಮಾಡಿದರೆ ಆಂಪ್ ಬೆಚ್ಚಗಾಗುತ್ತದೆ, ಆ ಬಿಸಿಗೆ ತೇವ ಹೋಗುತ್ತದೆ. ಕೆಪಾಸಿಟರ್‌ಗಳಿಗೂ ಆಗಾಗ ಕರೆಂಟ್ ಕಂಡರೆ ಒಳ್ಳೆಯದು. ಆರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೇಯಲ್ಲಿ ಸಾಕೆಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುತ್ತೇನೆ, ಬೇರೆ ಏನೂ ಮಾಡಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಮಾತ್ರ ಪ್ಲಗ್ಗೇ ಕಿತ್ತಿಡಬೇಕು, ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು.

ಕೊಳ್ಳುವವರು ಇನ್ನೆರಡು ವಿಷಯ ತಿಳಿದಿರಲಿ. ಇದರ ಇನ್‌ಪುಟ್ ಹಳೆಯ ಕಾಲದ ದುಂಡನೆಯ ಡಿನ್ ಸಾಕೆಟ್, ಈಗಿನ ಆರ್‌ಸಿಎ ಪಿನ್ನಿಗೆ ಬೇರೆ ಕೇಬಲ್ ಮಾಡಿಸಬೇಕು. ಅರ್ಧ ವೋಲ್ಟ್ ಸಿಗ್ನಲ್‌ಗೆ ಪೂರ್ತಿ 100 ವ್ಯಾಟ್ ಕೊಡುತ್ತದೆ, ಆದರೆ ಈಗಿನ ಸಿಡಿ ಪ್ಲೇಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) ಎಲ್ಲ 2 ವೋಲ್ಟ್ ಕೊಡುತ್ತವೆ. ವಾಲ್ಯೂಮ್ ಚೂರು ತಿರುಗಿಸಿದರೆ ಸಾಕು, ಮನೆಯಿಡೀ ಕಿರುಚುತ್ತದೆ. ಕೇಬಲ್‌ನಲ್ಲೇ ಎರಡು ರೆಸಿಸ್ಟರ್ ಹಾಕಿಸಿ ಕಮ್ಮಿ ಮಾಡಿಕೊಂಡೆ. 4 ಓಮ್‌ನ ಕಷ್ಟದ ಸ್ಪೀಕರ್‌ಗೆ ಇದು ಬೇಡ, ಕರೆಂಟ್ ಲಿಮಿಟ್ ಬಂದು ಸ್ವರ ಬಿಗಿಯುತ್ತದೆ. ಅಂಥ ಸ್ಪೀಕರ್ ಇದ್ದರೆ 1982ರ 405-2 ನೋಡಿ, ಅದರಲ್ಲಿ ಲಿಮಿಟನ್ನು ಬದಲಿಸಿದ್ದಾರೆ.

ಸ್ವರ ಹೇಗೆ ಅಂದರೆ, ನಾನು ಯಾವ ಆಂಪನ್ನಾದರೂ ಪರೀಕ್ಷೆ ಮಾಡುವುದು ಚೆಂಡೆಯಲ್ಲಿ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ನಮಗೆ ಬೇರೆ ಅಳತೆ ಬೇಡ. ಕೋಲು ಬಿದ್ದ ಆ ಕ್ಷಣದ ಚುರುಕು ಸಣ್ಣ ಆಂಪ್‌ಗಳಲ್ಲಿ ಚಪ್ಪಟೆ ಆಗುತ್ತದೆ, ಇದರಲ್ಲಿ ಆಗುವುದಿಲ್ಲ. ಭಾಗವತರು ಶ್ರುತಿ ಹಿಡಿದು ಉಸಿರು ತೆಗೆಯುವುದು, ಮದ್ದಳೆಯ ಎಡದ ಗುಂಕು ಬೇರೆ ಬೇರೆಯಾಗಿ ಕೇಳುತ್ತದೆ. ಮೇಲಿನ ಸ್ವರ ಸ್ವಲ್ಪ ಒಣ ಅಂತ ಕೆಲವರು ಹೇಳುತ್ತಾರೆ, ಜಾಗಟೆಯಲ್ಲಿ ನನಗೂ ಒಮ್ಮೊಮ್ಮೆ ಹಾಗೆ ಅನಿಸಿದೆ. ವಾಲ್ವ್ ಆಂಪಿನ ಮೆತ್ತಗಿನ ಸ್ವರ ಬೇಕಾದವರಿಗೆ ಇದು ಹಿಡಿಸಲಿಕ್ಕಿಲ್ಲ.

ಹೋದ ಆಷಾಢದಲ್ಲಿ ಮಾವ ಬಂದಿದ್ದರು. ಹೊರಗೆ ಜೋರು ಮಳೆ. ಅವರೇ ಹಿಂದೆ ರೆಕಾರ್ಡ್ ಮಾಡಿದ್ದ ತಾಳಮದ್ದಳೆ ಕ್ಯಾಸೆಟ್ ಹಾಕಿದೆ. ಅರ್ಥಗಾರಿಕೆ ಮುಗಿಯುವವರೆಗೆ ಮಾವ ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಆಂಪಿನ ಹೀಟ್‌ಸಿಂಕ್ ಮೇಲೆ ಅಂಗೈ ಇಟ್ಟು, ಬಿಸಿ ಸಾಕಷ್ಟೇ ಇದೆ ಅಂದರು, ಇನ್ನೊಂದು ಬದಿ ಹಾಕಲು ಹೇಳಿದರು.