ಆರು ಸಾವಿರ ಹಾಡಿನ ಪೆನ್ ಡ್ರೈವ್ ಮತ್ತು ನನ್ನ ‘ನೆಕ್ಸ್ಟ್’ ಬಟನ್

ಹುಬ್ಬಳ್ಳಿ ದುರ್ಗದ ಬೈಲ್ ಹತ್ತಿರದ ಓಣಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಕವರು, ಚಾರ್ಜರ್ ಮಾರುವುದರ ಜೊತೆಗೆ ಅಲ್ಲಿ ಪೆನ್ ಡ್ರೈವ್‌ಗೆ ಹಾಡು ತುಂಬಿಸಿ ಕೊಡುತ್ತಾರೆ. 32 ಜಿಬಿ ಡ್ರೈವ್ ಸಮೇತ 450 ರೂಪಾಯಿ.

“ಆರ ಸಾವಿರ ಹಾಡ ಅದಾವ್ರೀ ಕಾಕಾ. ಎಲ್ಲಾ ಹಿಟ್ಟ. ವರ್ಷಗಟ್ಲೆ ಕೇಳ್ರಿ” ಅಂದ ಅಂಗಡಿ ಹುಡುಗ. ತಗೊಂಡೆ. ಈ ಧಂದೆ ಕಾನೂನಿಗೆ ಸರಿಯಲ್ಲ, ಹಾಡಿದವರಿಗೆ ಒಂದು ಪೈಸೆಯೂ ಮುಟ್ಟುವುದಿಲ್ಲ. ಗೊತ್ತಿದ್ದೂ ತಗೊಂಡೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ನನ್ನದು ಸಣ್ಣ ಗೂಡ್ಸ್ ಗಾಡಿ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ, ಗದಗ ಕಡೆಯಿಂದ ಉಳ್ಳಾಗಡ್ಡಿ, ಶೇಂಗಾ. ಇಳಿಸುವುದು ಜಾಸ್ತಿ ಅಮರಗೋಳದ ಎಪಿಎಂಸಿಯಲ್ಲಿ. ಫೋನಿನಲ್ಲಿ ಹಾಡು ಹಚ್ಚಿದರೆ ಅಣ್ಣಿಗೇರಿ ದಾಟಿದ ಮೇಲೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ಪಲ್ಲವಿ ಹುಬ್ಬಳ್ಳಿಯಲ್ಲಿ, ಚರಣ ಹುಲಕೋಟಿಯಲ್ಲಿ. ಅದಕ್ಕೇ ಪೆನ್ ಡ್ರೈವ್.

ಗಾಯಕರನ್ನು ಅಳೆಯಲು ನನ್ನ ಹತ್ತಿರ ಒಂದೇ ಅಳತೆ ಇದೆ. ನನ್ನ ಗಾಡಿಯ ಇಂಜಿನ್ ಸೀಟಿನ ಕೆಳಗೇ ಗುರ್ ಅನ್ನುತ್ತಿರುತ್ತದೆ. ಹಿಂದೆ ಮೆಣಸಿನಕಾಯಿ ಘಾಟು. ಅಷ್ಟರ ನಡುವೆಯೂ ಕೈ ‘ನೆಕ್ಸ್ಟ್’ ಬಟನ್ ಕಡೆ ಹೋಗದಿದ್ದರೆ ಆ ಗಾಯಕ ಪಾಸ್. ಎಷ್ಟು ಪ್ರಶಸ್ತಿ ಬಂದಿದೆ, ಎಷ್ಟು ಕೋಟಿ ಜನ ಕೇಳಿದ್ದಾರೆ ಅನ್ನುವುದು ಗಾಡಿಯೊಳಗೆ ನಡೆಯುವುದಿಲ್ಲ.

ಮೊದಲು ಮಾಲಿನ ಬಗ್ಗೆ ಹೇಳುತ್ತೇನೆ. 32 ಜಿಬಿಯಲ್ಲಿ ಆರು ಸಾವಿರ ಹಾಡು ಅಂದರೆ ಹಾಡಿಗೆ ಸುಮಾರು 5 ಎಂಬಿ. ಐದು ನಿಮಿಷದ ಹಾಡು 5 ಎಂಬಿಯಲ್ಲಿ ಕೂತಿದೆ ಅಂದರೆ ಅದು 128 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 128 ಕಿಲೋಬಿಟ್; ಈ ಅಂಕಿ ಇಳಿದಷ್ಟೂ ಹಾಡಿನ ಗುಣವೂ ಇಳಿಯುತ್ತದೆ. 320ರಲ್ಲಿ ಬೇಕು ಅಂದರೆ ಅದೇ ಹಾಡಿಗೆ 12 ಎಂಬಿ ಹೋಗುತ್ತದೆ, ಡ್ರೈವ್‌ನಲ್ಲಿ ಎರಡೂವರೆ ಸಾವಿರ ಹಾಡಷ್ಟೇ ಹಿಡಿಯುತ್ತವೆ. ಚೀಲಕ್ಕೆ ಕಾಲಿಟ್ಟು ಒತ್ತಿ ತುಂಬಿದ ಮೆಣಸಿನಕಾಯಿಯ ಕಥೆಯೇ ಇದು: ಎಣಿಕೆ ಜಾಸ್ತಿ, ಒಳಗೆಲ್ಲ ಚೂರು. ತಾಳದ ಝಣ್ ಅನ್ನುವುದು ನೀರು ಚೆಲ್ಲಿದ ಹಾಗೆ ಕೇಳುತ್ತದೆ. ತಂಬೂರಿಯಂತೂ ಎಲ್ಲಿದೆಯೋ ಹುಡುಕಬೇಕು. ಅದರಲ್ಲೂ ಒಂದೇ ಹಾಡು ನಾಲ್ಕು ಹೆಸರಲ್ಲಿ ನಾಲ್ಕು ಸಲ. ಸ್ಟೀರಿಯೋ ಪರದೆ ಮೇಲೆ ಹಾಡಿದವರ ಹೆಸರಿನ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು ಓಡುತ್ತದೆ.

ಆದರೆ ಫೋಲ್ಡರ್ ಮಾತ್ರ ಗಾಯಕರ ಹೆಸರಲ್ಲಿ ಮಾಡಿದ್ದಾನೆ. ಅಲ್ಲಿಂದಲೇ ನನ್ನ ಜಗಳ ಶುರು.

ಎಲ್ಲಕ್ಕಿಂತ ದಪ್ಪ ಫೋಲ್ಡರ್ ಸೋನು ನಿಗಮ್ ಅವರದ್ದು. 2006ರಲ್ಲಿ ‘ಮುಂಗಾರು ಮಳೆ’ ಬಂದಾಗ ನನಗೂ ಹುಚ್ಚು ಹಿಡಿದಿತ್ತು, ಸುಳ್ಳು ಯಾಕೆ ಹೇಳಲಿ. ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ ಅವರ ಮಾತು, ಅದರ ಮೇಲೆ ಆ ಕಂಠ. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಅದೇ ನಡಿಗೆ, ಅದೇ ನಿಟ್ಟುಸಿರು, ಅದೇ ಮಳೆ. ಒಂದು ದಿನ ಹಟ ಹಿಡಿದು ಆ ಫೋಲ್ಡರ್ ಬದಲಿಸದೆ ಗದಗಕ್ಕೆ ಹೋದೆ. ಅಣ್ಣಿಗೇರಿ ಬರುವಷ್ಟರಲ್ಲಿ ಮೂರನೆಯ ಹಾಡು ಯಾವುದು, ಒಂಬತ್ತನೆಯದು ಯಾವುದು ಅನ್ನುವುದೇ ತಿಳಿಯದಾಯಿತು. ಕಂಠ ಜೇನು, ಖರೆ. ಜೇನನ್ನು ಯಾರಾದರೂ ತಂಬಿಗೆಗಟ್ಟಲೆ ಕುಡಿಯುತ್ತಾರಾ? ತಪ್ಪು ಅರ್ಧ ಅವರನ್ನು ಬಿಡದೆ ಕರೆದವರದ್ದು. ಆದರೂ ನನ್ನ ಲೆಕ್ಕದಲ್ಲಿ ನಮ್ಮವರು ಅತಿಯಾಗಿ ತಲೆ ಮೇಲೆ ಹೊತ್ತ ಗಾಯಕರ ಪಟ್ಟಿಯಲ್ಲಿ ಮೊದಲ ಹೆಸರು ಇದೇ.

ಎಸ್‌ಪಿಬಿ ಅವರದ್ದೂ ದಪ್ಪ ಫೋಲ್ಡರೇ. ಆದರೆ ಅಲ್ಲಿ ನೆಕ್ಸ್ಟ್ ಒತ್ತಲು ಆಗುವುದಿಲ್ಲ. ಯಾಕೆಂದರೆ ಮುಂದಿನ ಹಾಡಿನಲ್ಲಿ ಬೇರೆ ಮನುಷ್ಯ ಬಂದು ಕೂತಿರುತ್ತಾನೆ. ಒಂದರಲ್ಲಿ ಕುಡುಕ, ಇನ್ನೊಂದರಲ್ಲಿ ಭಕ್ತ, ಮತ್ತೊಂದರಲ್ಲಿ ಕಾಲೇಜು ಹುಡುಗ. ಸಾಲಿನ ನಡುವೆ ನಗುತ್ತಾರೆ, ಆ ನಗುವೂ ಶ್ರುತಿಯಲ್ಲೇ ಇರುತ್ತದೆ. ನಮ್ಮ ಗದಗದವರಿಗೆ ಅವರ ಮೇಲೆ ಇನ್ನೊಂದು ಹಕ್ಕಿದೆ. ಪಂಚಾಕ್ಷರಿ ಗವಾಯಿಗಳ ಮೇಲೆ ಮಾಡಿದ 1995ರ ಸಿನಿಮಾದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಅದೇ ಸಿನಿಮಾಕ್ಕೆ ಹಂಸಲೇಖ ಅವರಿಗೂ ಬಂತು. ಗವಾಯಿಗಳು ಸಂಗೀತ ಕಲಿಸಿದ ಗದಗದ ವೀರೇಶ್ವರ ಪುಣ್ಯಾಶ್ರಮದ ಕಡೆ ಬಾಡಿಗೆ ಇದ್ದರೆ ನಾನು ಆ ಹಾಡು ಹಚ್ಚಿಕೊಂಡೇ ಹೋಗುತ್ತೇನೆ. ಸ್ವಲ್ಪ ನಾಟಕ ಅನ್ನಿ, ಪರವಾಗಿಲ್ಲ.

ಅಣ್ಣಾವ್ರ ಫೋಲ್ಡರ್ ಬಗ್ಗೆ ಹೆಚ್ಚು ಮಾತಾಡುವುದಿಲ್ಲ, ಊರಲ್ಲಿ ಬಾಳಬೇಕು. ಒಂದೇ ದೂರು. ಅವರು ಸಿನಿಮಾದಲ್ಲಿ ತಮ್ಮ ಹಾಡು ತಾವೇ ಕಾಯಂ ಆಗಿ ಹಾಡಲು ಶುರು ಮಾಡಿದ್ದು 1974ರ ‘ಸಂಪತ್ತಿಗೆ ಸವಾಲ್’ ಸಿನಿಮಾದಿಂದ. ಅದಕ್ಕೂ ಮೊದಲಿನ ಅವರ ಹಾಡುಗಳಲ್ಲಿ ಹೆಚ್ಚಿನವು ಪಿ.ಬಿ. ಶ್ರೀನಿವಾಸ್ ಅವರ ದನಿ. ನಮ್ಮ ಹುಡುಗ ಅವನ್ನೆಲ್ಲ ರಾಜ್‌ಕುಮಾರ್ ಹೆಸರಿನ ಫೋಲ್ಡರಿಗೇ ಹಾಕಿದ್ದಾನೆ. ಪಿಬಿಎಸ್ ಹೆಸರಿನ ಫೋಲ್ಡರೇ ಇಲ್ಲ! ರಾತ್ರಿ ಖಾಲಿ ಗಾಡಿ ಓಡಿಸಿಕೊಂಡು ವಾಪಸ್ ಬರುವಾಗ ಅವರಷ್ಟು ಮೆತ್ತಗೆ ಪಕ್ಕದಲ್ಲಿ ಕೂತು ಮಾತಾಡುವ ದನಿ ಇನ್ನೊಂದಿಲ್ಲ. ಒತ್ತಿ ಹಾಡುವುದಿಲ್ಲ, ಅವಸರ ಮಾಡುವುದಿಲ್ಲ. ಆ ದನಿಯ ಮುಂದೆ ಇಂಜಿನ್ ಗದ್ದಲವೂ ತಗ್ಗಿದ ಹಾಗೆ ಅನಿಸುತ್ತದೆ. ಎಸ್. ಜಾನಕಿ ಅವರ ಫೋಲ್ಡರ್ ಸರಿಯಾಗಿದೆ, ಹುಡುಗನಿಗೆ ಅದೊಂದಕ್ಕೆ ಶಹಬ್ಬಾಸ್.

ಇನ್ನು ಬೈಸಿಕೊಳ್ಳುವ ಮಾತು. ನನ್ನ ತಾಯಿಯ ತವರು ಶಿಗ್ಗಾಂವಿ ತಾಲೂಕು, ಶಿಶುನಾಳದಿಂದ ದೂರವಿಲ್ಲ. ಸಣ್ಣವನಿದ್ದಾಗ ಅಜ್ಜನ ಜೊತೆ ಭಜನೆಗೆ ಹೋಗುತ್ತಿದ್ದೆ. ಒಂದು ಏಕತಾರಿ, ಒಂದು ದಮ್ಮಡಿ, ಎರಡು ಜೋಡಿ ತಾಳ. ಷರೀಫರ ಪದವನ್ನು ಅವರು ಹಾಡುತ್ತಿದ್ದ ರೀತಿ ಹೇಗಿತ್ತು ಅಂದರೆ, ಒಬ್ಬ ಇನ್ನೊಬ್ಬನಿಗೆ ಒಗಟು ಹಾಕಿದ ಹಾಗೆ. ದನಿ ತಗ್ಗು, ಮಾತು ಮುಂದೆ. ಸಾಲು ಮುಗಿದ ಮೇಲೆ ಯಾರೋ ಒಬ್ಬರು ‘ಹ್ಞೂಂ’ ಅನ್ನಬೇಕು, ಆಮೇಲೆ ಮುಂದಿನ ಸಾಲು. ಹೊರಗಿನ ಜಗತ್ತಿಗೆ ಷರೀಫರು ಅಂದರೆ ಸಿ. ಅಶ್ವತ್ಥ್. 1990ರಲ್ಲಿ ಷರೀಫರ ಮೇಲೆ ನಾಗಾಭರಣ ಅವರ ಸಿನಿಮಾ ಬಂತು, ಸಂಗೀತ ಅಶ್ವತ್ಥ್ ಅವರದ್ದು. 1889ರಲ್ಲಿ ತೀರಿಕೊಂಡ ನಮ್ಮೂರ ಕಡೆಯ ಅಜ್ಜನ ಪದ ಬೆಂಗಳೂರಿನ ಮನೆಮನೆಗೆ ಮುಟ್ಟಿದ್ದು ಅವರಿಂದ. ಆ ಋಣ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಅವರು ಹಾಡಿದರೆ ಮೈದಾನದಲ್ಲಿ ಕೂತ ಹತ್ತು ಸಾವಿರ ಜನಕ್ಕೆ ಹಾಡಿದ ಹಾಗಿರುತ್ತದೆ. ಒಗಟು ಹೋಗಿ ಘೋಷಣೆ ಆಗುತ್ತದೆ. ಭಾವಗೀತೆಯಲ್ಲಿ ಆ ಕಂಚಿನ ಕಂಠ ನನಗೂ ಬೇಕು. ಷರೀಫರಲ್ಲಿ ಬೇಡ. ಮೂರನೆಯ ಪದಕ್ಕೆ ನನ್ನ ಕೈ ಬಟನ್ ಮೇಲಿರುತ್ತದೆ.

ಇದನ್ನು ಅಮರಗೋಳದ ಚಹಾದಂಗಡಿಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ. “ಅವರ ಹಾಡದಿದ್ರ ನಿಮ್ಮ ಷರೀಫಜ್ಜ ಯಾರಿಗ ಗೊತ್ತಿದ್ದ?” ಅಂದರು ಒಬ್ಬರು. ಉತ್ತರ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ. ಆದರೂ ಕೈ ಬಟನ್ ಕಡೆ ಹೋಗುತ್ತದೆ, ಏನು ಮಾಡಲಿ?

ಭೀಮಸೇನ ಜೋಶಿ ನಮ್ಮ ಗದಗ ಸೀಮೆಯವರು, ಭಾರತರತ್ನ. ಅವರನ್ನು ಅತಿಯಾಗಿ ಹೊಗಳಿದ್ದಾರೆ ಅನ್ನುವಷ್ಟು ತಲೆ ಕೆಟ್ಟಿಲ್ಲ. ಅತಿಯಾಗಿ ಹೊಗಳಿಸಿಕೊಂಡದ್ದು ಅವರ ಒಂದು ಲಕ್ಷ್ಮೀ ಹಾಡು. ಅಂಗಡಿ ಉದ್ಘಾಟನೆ, ಮದುವೆ, ಸೀಮಂತ, ಎಲ್ಲಾ ಕಡೆ ಅದೇ. ಡ್ರೈವ್‌ನಲ್ಲಿ ಐದು ಪ್ರತಿ ಇವೆ. ರಾಗ ಬಿಡಿಸಿ ಹಾಡುವ ಹಿಂದೂಸ್ತಾನಿ ಖಯಾಲ್ ಒಂದೂ ಇಲ್ಲ! ಅವರು ರಾತ್ರಿಯಿಡೀ ಹಾಡಿದ್ದು ಈ ಒಂದು ಹಾಡಿಗಾಗಿಯಾ?

ಗಂಗೂಬಾಯಿ ಹಾನಗಲ್ ಅವರ ಹಾಡು ನಾಲ್ಕೇ ನಾಲ್ಕು ಸಿಕ್ಕವು, ಅದೂ ‘ಭಕ್ತಿ ಮಿಕ್ಸ್’ ಅನ್ನುವ ಫೋಲ್ಡರಿನಲ್ಲಿ. ಅದರಲ್ಲಿ ಎರಡು ಹಳೇ 78 ಆರ್‌ಪಿಎಂ ತಟ್ಟೆಯದ್ದು. ಆ ತಟ್ಟೆಯ ಒಂದು ಮಗ್ಗಲಿಗೆ ಮೂರು, ಮೂರೂವರೆ ನಿಮಿಷವಷ್ಟೇ ಜಾಗ. ಹಾಡುವವರು ಅಷ್ಟರಲ್ಲೇ ರಾಗ ತೋರಿಸಿ, ತಾನ ಹಾಕಿ ಮುಗಿಸಬೇಕಿತ್ತು. ಗಾಡಿ ಓಡಿಸುವವನಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರೀಯ ಸಂಗೀತ ಇಲ್ಲ. ಒಂದು ಹಂಪ್‌ನಿಂದ ಇನ್ನೊಂದು ಹಂಪ್‌ಗೆ ಒಂದು ರಾಗ. ಕರಕರ ಸದ್ದು ಬರುತ್ತದೆ, ಆದರೆ ಆ ದನಿ 128 ಕೆಬಿಪಿಎಸ್‌ಗೂ ಬಗ್ಗುವುದಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ನಾನು ಅದೇ ಕುಂದಗೋಳದಿಂದ ಮೆಣಸಿನಕಾಯಿ ತರುತ್ತೇನೆ, ಸುಮ್ನೆ ಹೇಳಿದೆ.

ಜೊತೆಗೆ ಬರುವ ನನ್ನ ಅಳಿಯ, ಅಕ್ಕನ ಮಗ, ‘ಜನಪದ ಡಿಜೆ’ ಫೋಲ್ಡರ್ ಬಿಟ್ಟು ಬೇರೆ ಕೇಳುವುದಿಲ್ಲ. “ಮಾಮಾ, ನಿಂದು ನಿದ್ದಿ ಬರೂ ಹಾಡು, ಆಕ್ಸಿಡೆಂಟ್ ಆಕ್ಕೈತಿ” ಅನ್ನುತ್ತಾನೆ. ಟ್ರ್ಯಾಕ್ಟರಿನವರೆಲ್ಲ ಹಚ್ಚುವ ಆ ಹಾಡುಗಳಲ್ಲಿ ದನಿಗೆ ಮಷಿನ್ ಲೇಪ ಜಾಸ್ತಿ, ಬೇಸ್ ಹೊಡೆತಕ್ಕೆ ನನ್ನ ಬಾಗಿಲಿನ ಸ್ಪೀಕರ್ ಒಂದು ಹರಿದೇ ಹೋಯಿತು. ಆದರೆ ಮಾತು ನಮ್ಮ ಹೊಲದ್ದು, ನಮ್ಮ ಬಸ್‌ಸ್ಟ್ಯಾಂಡಿನದ್ದು. ಮಳೆ ಹಾಡಿಗಿಂತ ನನಗೆ ಅದೇ ವಾಸಿ. ಅವನ ಮುಂದೆ ಮಾತ್ರ ಒಪ್ಪಿಕೊಂಡಿಲ್ಲ.

ಒಟ್ಟು ಈ ಪೆನ್ ಡ್ರೈವ್‌ಗೆ ಐದಕ್ಕೆ ಎರಡು ಕೊಡುತ್ತೇನೆ. ನೀವು ಹೋಗುವುದಿದ್ದರೆ ದುಡ್ಡು ಕೊಡುವ ಮೊದಲು ಅಲ್ಲೇ ನಾಲ್ಕು ಹಾಡು ಹಚ್ಚಿಸಿ ಕೇಳಿ. ಡ್ರೈವ್ ಅನ್ನು ಫ್ಯಾಟ್32 (ಡ್ರೈವ್ ಒಳಗೆ ಫೈಲು ಜೋಡಿಸುವ ಒಂದು ಹಳೇ ಪದ್ಧತಿ) ನಲ್ಲಿ ಫಾರ್ಮ್ಯಾಟ್ ಮಾಡಿಸಿ, ಹಳೇ ಸ್ಟೀರಿಯೋಗಳು ಬೇರೆಯದನ್ನು ಓದುವುದು ಕಡಿಮೆ. ‘ಎಲ್ಲಾ ಹಿಟ್’ ತಗೊಳ್ಳಬೇಡಿ, ನಿಮ್ಮದೇ ಚೀಟಿ ಬರೆದುಕೊಂಡು ಹೋಗಿ.

ನಾನು ಹೋದ ವಾರ ಚೀಟಿ ಬರೆದುಕೊಂಡು ಹೋದೆ. ಪಿಬಿಎಸ್ ಸಿಕ್ಕಷ್ಟು, ಬಸವರಾಜ ರಾಜಗುರು ಅವರ ನಾಟ್ಯಗೀತೆ, ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರ ಅವರ ವಚನ. ವಚನಕ್ಕೆ ಅಡಿಗೆರೆ ಎಳೆದಿದ್ದೆ. ಸಣ್ಣಗೆ ಕಾಣುವ ಆ ದನಿ ಒಂದು ಸಾಲು ಹಿಡಿದರೆ ಉಸಿರು ಎಲ್ಲಿ ತಗೊಂಡರು ಅನ್ನುವುದು ಗೊತ್ತಾಗುವುದಿಲ್ಲ. ಕೇಳುತ್ತಾ ಕೂತವನ ಉಸಿರೇ ಕಟ್ಟಿರುತ್ತದೆ. ಅವರ ಮೇಲೆ ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಬಟನ್ ಒತ್ತಿಲ್ಲ.

ಹುಡುಗ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ. ಕಂಪ್ಯೂಟರಿನಲ್ಲಿ ಹುಡುಕಿದ. ಆಮೇಲೆ ತಲೆ ಎತ್ತಿ ಕೇಳಿದ:

“ಕಾಕಾ, ಈ ಮನ್ಸೂರ್ ಅನ್ನಾವ್ರು ಯಾವ ಪಿಕ್ಚರ್‌ದಾಗ ಹಾಡ್ಯಾರ್ರೀ?”

ಅವರ ಮನೆ ಇರುವ ಧಾರವಾಡ ಅಲ್ಲಿಂದ 20 ಕಿಲೋಮೀಟರ್.