ಹಳೆಯ ಬಡಾವಣೆಯ ಶಾಲೆಯೋ, ಹೊರವಲಯದ ಹೊಸ ಶಾಲೆಯೋ?

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಯ ಖಾಸಗಿ ಶಾಲೆ ಹಾಗೂ ಸರ್ಜಾಪುರ ರಸ್ತೆ, ವರ್ತೂರು ಕಡೆಯ ಹೊಸ ಶಾಲೆ, ಇವೆರಡರಲ್ಲಿ ಒಂದನ್ನು ಆರಿಸಬೇಕಾದ ಪೋಷಕರು ಶುಲ್ಕದ ಜೊತೆಗೆ ಸುತ್ತಲಿನ ಜನವಸತಿಯನ್ನೂ ಗಮನಿಸಬೇಕು. 2001ರಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 96 ಲಕ್ಷ ದಾಟಿತು. ಈ ಏರಿಕೆಯ ದೊಡ್ಡ ಪಾಲು ಹೊರವಲಯದ್ದು. ಇನ್ನೊಂದೆಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆ ಜೀವಿತಾವಧಿಯಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ, 1.7 ಮಾತ್ರ.

ಹಿರಿಯರಷ್ಟೇ ಉಳಿದು ಎಳೆಯ ದಂಪತಿಗಳು ಬೇರೆಡೆ ಮನೆ ಮಾಡಿದ ಹಳೆಯ ಬೀದಿಗಳಲ್ಲಿ, ಹತ್ತನೇ ತರಗತಿಗೆ ಮೂರು ವಿಭಾಗಗಳಿದ್ದು ಎಲ್‌ಕೆಜಿಗೆ ಒಂದೇ ವಿಭಾಗವಿರುವ ಶಾಲೆ ಕಾಣಸಿಗಬಹುದು. ತರಗತಿಯಲ್ಲಿ ಮಕ್ಕಳು ಕಡಿಮೆಯಿದ್ದರೆ ಕಲಿಕೆಗೆ ಒಳ್ಳೆಯದೇ, ಆದರೆ ಶುಲ್ಕದ ಆದಾಯ ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ಸಾಮಾನ್ಯವಾಗಿ ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣಗಳಿಗೆ. ಹೀಗಾಗಿ ತರಗತಿವಾರು ಸಂಖ್ಯೆಯನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ.

ಹೊಸ ಶಾಲೆಯ ಚಿತ್ರ ತಿರುವುಮುರುವು: ಕೆಳಗಿನ ತರಗತಿಗಳು ತುಂಬಿರುತ್ತವೆ, ಮೇಲಿನವು ಇನ್ನೂ ಆರಂಭವಾಗಿರುವುದಿಲ್ಲ. ಬಾಡಿಗೆ ಮನೆಗಳ ಐಟಿ ಉದ್ಯೋಗಿಗಳು ವರ್ಗಾವಣೆಯಾದಂತೆ ಮಕ್ಕಳೂ ಬದಲಾಗುತ್ತಾರೆ. ಸಿಬಿಎಸ್‌ಇ ಎಂಬ ಫಲಕವಿದ್ದರೂ ಮಂಡಳಿಯ ಜಾಲತಾಣದಲ್ಲಿ ಶಾಲೆಯ ಸಂಯೋಜನೆಯನ್ನು (ಅಫಿಲಿಯೇಶನ್) ಪರಿಶೀಲಿಸದೆ ಹಣ ಕಟ್ಟಬೇಡಿ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆ ಕೊಡಬೇಕಾದ ಉಚಿತ ಸೀಟಿನ ನಿರೀಕ್ಷೆ ಎರಡೂ ಕಡೆ ಕಡಿಮೆ: 2019ರ ರಾಜ್ಯ ತಿದ್ದುಪಡಿಯಂತೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲ. ಮನೆ ಜಯನಗರದಲ್ಲಿದ್ದರೆ ನನ್ನ ಮತ ಹಳೆಯ ಶಾಲೆಗೇ. ವಾಹನ ದಟ್ಟಣೆಯ ಸಿಲ್ಕ್ ಬೋರ್ಡ್ ವೃತ್ತ ದಾಟುವ ವ್ಯಾನಿನಲ್ಲಿ ಮಗು ದಿನವೂ ತೂಕಡಿಸುವುದು ಬೇಡ.