ತೂಕ ಹೆಚ್ಚಿಸಲು ಯಾವುದು ಸರಿ: ಮಾಸ್ ಗೇನರ್ ಪುಡಿಯೋ, ಮನೆಯ ಊಟವೋ?

ಎಷ್ಟು ಉಂಡರೂ ಮೈ ಹತ್ತುವುದಿಲ್ಲ ಎನ್ನುವವರು ಜಿಮ್ ಸೇರಿದ ಕೂಡಲೇ ಕೇಳುವ ಪ್ರಶ್ನೆ ಇದು. ಎರಡು ದಾರಿಯಲ್ಲೂ ತೂಕ ಏರುವುದು ಒಂದೇ ಕಾರಣಕ್ಕೆ: ದೇಹ ಖರ್ಚು ಮಾಡುವುದಕ್ಕಿಂತ ದಿನಕ್ಕೆ ಸುಮಾರು 300ರಿಂದ 500 ಕ್ಯಾಲೊರಿ ಹೆಚ್ಚಾಗಿ ಸೇವಿಸಿದಾಗ.

ಮಾಸ್ ಗೇನರ್ ಎಂದರೆ ಹಾಲಿಗೋ ನೀರಿಗೋ ಬೆರೆಸಿ ಕುಡಿಯುವ, ತೂಕ ಹೆಚ್ಚಿಸಲೆಂದೇ ಮಾರುವ ಪುಡಿ. ಅದರ ಡಬ್ಬದ ಹಿಂಬದಿಯ ಪಟ್ಟಿಯನ್ನು ಓದಿದರೆ, ಬಹುತೇಕ ಗೇನರ್‌ಗಳಲ್ಲಿ ಹೆಚ್ಚಿನ ಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗನೆ ಜೀರ್ಣವಾಗುವ ಕಾರ್ಬೋಹೈಡ್ರೇಟ್. ಪ್ರೋಟೀನಿನ ಪಾಲು ಅದಕ್ಕಿಂತ ಕಡಿಮೆ. ಹಸಿವು ಕಡಿಮೆ ಇರುವವರಿಗೆ ಕುಡಿಯುವುದು ಸುಲಭ ಎಂಬುದು ಅದರ ನಿಜವಾದ ಅನುಕೂಲ. ಆದರೆ ಬೆಲೆ ಹೆಚ್ಚು, ಕೆಲವರಿಗೆ ಹೊಟ್ಟೆಯುಬ್ಬರವೂ ಆಗುತ್ತದೆ.

ಮನೆಯಲ್ಲಿ 50 ಗ್ರಾಂ ಹುರಿದ ಕಡಲೆಕಾಯಿ ಬೀಜ ಮತ್ತು ಒಂದು ದೊಡ್ಡ ಲೋಟ ಗಟ್ಟಿ ಹಾಲು ಸೇರಿದರೆ 400 ಕ್ಯಾಲೊರಿ ದಾಟುತ್ತದೆ, ಜೊತೆಗೆ ಸುಮಾರು 20 ಗ್ರಾಂ ಪ್ರೋಟೀನ್ ಸಿಗುತ್ತದೆ. ಎರಡು ಮೊಟ್ಟೆ ಇನ್ನೂ 12 ಗ್ರಾಂ ಕೊಡುತ್ತವೆ. ಸ್ನಾಯು ಬೆಳೆಸಲು ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, ಅಂದರೆ 50 ಕೆ.ಜಿ.ಯವರಿಗೆ 80 ಗ್ರಾಂ. ಇಲ್ಲಿನ ತೊಡಕೆಂದರೆ, ನಮ್ಮ ಅನ್ನ-ಸಾರು ಹೊಟ್ಟೆ ತುಂಬಿಸಿದರೂ ಪ್ರೋಟೀನನ್ನು ಅಷ್ಟಾಗಿ ಕೊಡದು. ಆದ್ದರಿಂದ ತಟ್ಟೆಯಲ್ಲಿ ಕಾಳು, ಮೊಸರು ಹೆಚ್ಚಬೇಕು.

ನನ್ನ ಆಯ್ಕೆ ಮನೆಯ ಊಟವೇ. ಅದನ್ನು ಪ್ರಾಮಾಣಿಕವಾಗಿ ಪಾಲಿಸಿದರೂ ತೂಕ ಕದಲದಿದ್ದರೆ ಮಾತ್ರ ಪುಡಿ. ಭಾರ ಎತ್ತುವ ವ್ಯಾಯಾಮವಿಲ್ಲದೆ ಎರಡೂ ಬಹುಪಾಲು ಕೊಬ್ಬನ್ನೇ ಬೆಳೆಸುತ್ತವೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ವೈದ್ಯರನ್ನು ಕಂಡು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಬೇಕು.